ಎಡ ಮೊಣಕಾಲಿನ ಪಾಠ

ದೋರನಹಳ್ಳಿ
14 ಸೆಪ್ಟೆಂಬರ್ 2023

ಹಣಮೇಶ,

ನೀನು ಯಾದಗಿರಿ ಸ್ಟೇಷನ್ನಿನಲ್ಲಿ ರೈಲು ಹತ್ತಿ ಇಂದಿಗೆ ಹನ್ನೊಂದು ದಿನ. ನಾಗಪುರ ಮುಟ್ಟಿದ ಸುದ್ದಿಯನ್ನು ನಿಮ್ಮವ್ವ ಅಯ್ಯಮ್ಮ ಶಾಲೆಯ ಬಿಸಿಯೂಟದ ಒಲೆ ಬಿಟ್ಟು ಬಂದು ನನ್ನ ಮುಖದ ಮುಂದೆ ನಿಂತು ಕೂಗಿ ಹೇಳಿದಳು. ನನಗೆ ಕೇಳಿಸಿದ್ದು ಅರ್ಧ. ಉಳಿದರ್ಧ ಅವಳ ನಗು ನೋಡಿ ತಿಳಿದುಕೊಂಡೆ.

ಫೋನ್ ಮಾಡಬೇಡ, ದಂಡ. ನನ್ನ ಮಗ ದೇವಿಂದ್ರ ತಂದುಕೊಟ್ಟ ಕಿವಿ ಮಿಷನ್ನು ಪೆಟ್ಟಿಗೆಯಲ್ಲೇ ಇದೆ. ಹಾಕಿಕೊಂಡರೆ ಊರಿನ ಫಾಲ್ತೂ ಸದ್ದೆಲ್ಲ ಒಳಗೆ ಬರುತ್ತದೆ, ಬೇಕಾದ ಮಾತೊಂದು ಬರುವುದಿಲ್ಲ. ಮೊಬೈಲಿನಲ್ಲಿ ಅಕ್ಷರ ಒತ್ತುವುದು ನನ್ನ ಕೈಲಾಗದು. ಕಾಗದ ಬರೆ. ಅಂಚೆಯವನಿಗೂ ಕೆಲಸ ಬೇಕಲ್ಲ.

ಮೂವತ್ತೊಂದು ವರ್ಷ ಪಿ.ಟಿ. ಮಾಸ್ತರಿಕೆ ಮಾಡಿದೆ. ನಿವೃತ್ತಿಯಾಗಿ ಏಳು ವರ್ಷವಾದರೂ ಸಂಜೆ ಅಂಕಣಕ್ಕೆ ಹೋಗುವುದು ಬಿಟ್ಟಿಲ್ಲ. ನನ್ನ ಕೈಕೆಳಗೆ ಕಬಡ್ಡಿ ಕಲಿತವರಲ್ಲಿ ರಾಜ್ಯ ತಂಡಕ್ಕೆ ಹೋದವರು ಮೂವರು. ಟಿವಿಯಲ್ಲಿ ತೋರಿಸುವ ದೊಡ್ಡ ಲೀಗಿಗೆ ಹೋದವನು ನೀನೊಬ್ಬನೇ. ಬಸ್‌ಸ್ಟ್ಯಾಂಡಿನ ಮುಂದೆ ಹುಡುಗರು ನಿನ್ನ ಬ್ಯಾನರ್ ಕಟ್ಟಿದ್ದಾರೆ. ಫಕೀರಸಾಬ ತನ್ನ ಚಹಾ ಹೋಟೆಲಿಗೆ ಗೋಡೆಯಷ್ಟಗಲ ಟಿವಿ ತಂದಿದ್ದಾನೆ. ಇಷ್ಟೆಲ್ಲ ನಿನ್ನ ತಲೆಗೆ ಏರಬಾರದು.

ಒಂದೇ ಮಾತು ನೆನಪಿಡು. ರೈಡರ್ ಬೋನಸ್ ಗೆರೆಗೆ ಕಾಲು ಚಾಚಿದ ಕ್ಷಣ ನಿನ್ನ ಎಡ ಮೊಣಕಾಲು ನೆಲಕ್ಕೆ ಬೀಳಬೇಕು, ಬಿದ್ದ ಬಿರುಸಿನಲ್ಲೇ ಒಂದು ಗೇಣು ಮುಂದಕ್ಕೆ ಜಾರಬೇಕು, ಎರಡೂ ಕೈ ಅವನ ಪಾದದ ಕೀಲಿಗೆ ಬೀಗ ಹಾಕಬೇಕು. ಮೊದಲು ಮೊಣಕಾಲು, ಆಮೇಲೆ ಕೈ. ಸುರಪುರದಲ್ಲಿ ನನ್ನ ಗುರುಗಳು ನನಗೆ ಹೀಗೇ ಕಲಿಸಿದರು, ನಾನು ನಿನಗೆ ಹೀಗೇ ಕಲಿಸಿದೆ. ಎಡ ಕಾರ್ನರಿನಲ್ಲಿ ನಿಂತಾಗ ಅದನ್ನು ಬಿಡಬೇಡ.

ಚಂದ್ರಾಮಪ್ಪ


ನಾಗಪುರ
5 ಅಕ್ಟೋಬರ್ 2023

ಸರ್,

ಇಲ್ಲಿಂದಲೇ ನಿಮ್ಮ ಕಾಲು ಮುಟ್ಟಿದ್ದೇನೆ. ನಿಮ್ಮ ಪತ್ರ ಓದಿದ ಮೇಲೆ ಊರಿಗೆ ಹೋಗಿ ಬಂದ ಹಾಗಾಯಿತು.

ಇಲ್ಲಿ ಎಲ್ಲವೂ ತೂಕ. ಬೆಳಿಗ್ಗೆ ನಮ್ಮನ್ನು ತೂಗುತ್ತಾರೆ, ಆಮೇಲೆ ನಮ್ಮ ಅನ್ನ ತೂಗುತ್ತಾರೆ. ರೊಟ್ಟಿ ಕೇಳಿದರೆ ಅಡುಗೆಯವನು ಗೋಧಿಯ ಚಪಾತಿ ತೋರಿಸಿ ಇದೇ ರೊಟ್ಟಿ ಎನ್ನುತ್ತಾನೆ. ಜೋಳದ ರೊಟ್ಟಿ ಕನಸಿನಲ್ಲಿ ಬರುತ್ತದೆ ಎಂದು ಅವ್ವನಿಗೆ ಹೇಳಬೇಡಿ, ಕಟ್ಟಿ ಕಳಿಸಿಬಿಡುತ್ತಾಳೆ.

ಮಣ್ಣು ಎಲ್ಲಿಯೂ ಇಲ್ಲ ಸರ್. ಒಳಾಂಗಣದಲ್ಲಿ ರಬ್ಬರಿನ ಮ್ಯಾಟು, ಕಾಲಿಗೆ ಬೂಟು. ಮೊದಲ ವಾರ ನಡೆಯುವುದನ್ನೇ ಹೊಸದಾಗಿ ಕಲಿತಂತಾಯಿತು. ರಾಜ್ಯ ಮಟ್ಟದಲ್ಲಿ ಎರಡು ಸಲ ಮ್ಯಾಟಿನ ಮೇಲೆ ಆಡಿದ್ದೆ, ನಿಜ. ಆದರೆ ಅದು ಎರಡು ದಿನದ ಮಾತು, ಇದು ದಿನಕ್ಕೆ ಐದು ತಾಸು.

ಒಂದು ವಿಷಯ ಕೇಳಬೇಕಿತ್ತು. ನಮ್ಮ ಕೋಚ್ ಹರಿಯಾಣದವರು, ಒಳ್ಳೆಯ ಮನುಷ್ಯ. ನನ್ನ ಹಿಡಿತ ಮೆಚ್ಚಿದ್ದಾರೆ. ಆದರೆ ಮೊಣಕಾಲು ಊರುವುದನ್ನು ಬಿಡು, ಎರಡೂ ಪಾದದ ಮೇಲೆ ಕುಕ್ಕರಗಾಲಿನಲ್ಲಿ ಕೂತು ಹಿಡಿ ಎನ್ನುತ್ತಾರೆ. ಹಾಗೆ ಮಾಡಿದರೆ ನನಗೆ ಅರ್ಧ ಕ್ಷಣ ತಡವಾಗುತ್ತದೆ, ರೈಡರ್ ತಪ್ಪಿಸಿಕೊಳ್ಳುತ್ತಾನೆ. ಏನು ಮಾಡಲಿ ಸರ್? ಬಿಟ್ಟುಬಿಡಲೇ? ನೀವು ಹೇಳಿದಂತೆ ಮಾಡುತ್ತೇನೆ.

ನಿಮ್ಮ ಶಿಷ್ಯ
ಹಣಮೇಶ


ದೋರನಹಳ್ಳಿ
16 ಅಕ್ಟೋಬರ್ 2023

ಹಣಮೇಶ,

ನಿನ್ನ ಪತ್ರ ಓದಿ ಮೈ ಉರಿಯಿತು. ಬಿಟ್ಟುಬಿಡಲೇ ಎಂದು ಕೇಳುತ್ತೀಯಲ್ಲ ಹುಚ್ಚಪ್ಯಾಲಿ, ಕೇಳುವ ಪ್ರಶ್ನೆಯೇ ಇದು?

ನೀನು ಆರನೇ ಇಯತ್ತೆಯಲ್ಲಿದ್ದಾಗ ನಿನ್ನ ಕಾಲು ಜೋಳದ ದಂಟಿನಷ್ಟಿದ್ದವು. ಅಂಥವನು ವಡಗೇರಾದ ಪಂದ್ಯದಲ್ಲಿ ದನದಂಥ ರೈಡರುಗಳನ್ನು ಒಬ್ಬನೇ ಕೆಡವಿದ್ದು ಯಾವುದರಿಂದ? ಆ ಮೊಣಕಾಲಿನಿಂದ. ನಿನ್ನನ್ನು ಲೀಗಿನವರು ಆರಿಸಿದ್ದು ಯಾವುದನ್ನು ನೋಡಿ? ಅದನ್ನೇ ನೋಡಿ. ಈಗ ಆರಿಸಿಕೊಂಡು ಹೋಗಿ ಅದನ್ನೇ ಬಿಡು ಎಂದರೆ ಏನರ್ಥ? ಕುಕ್ಕರಗಾಲಿನಲ್ಲಿ ಕೂತು ಹಿಡಿಯುವವರು ಅವರಲ್ಲಿ ಹತ್ತು ಮಂದಿ ಇದ್ದಾರು. ನೀನು ಹನ್ನೊಂದನೆಯವನಾಗಿ ಬೆಂಚು ಕಾಯುವೆ, ಅಷ್ಟೇ.

ಕೋಚ್ ಮುಂದೆ ಹೂಂ ಅನ್ನು. ಪಂದ್ಯದಲ್ಲಿ ನನ್ನ ಪಾಠ ಆಡು. ಪಾಯಿಂಟ್ ಬಂದ ಮೇಲೆ ಯಾರೂ ಮೊಣಕಾಲು ಕೇಳುವುದಿಲ್ಲ. ಇದು ನನ್ನ ಮಾತು, ಇದರ ಮೇಲೆ ಇನ್ನೊಂದು ಪ್ರಶ್ನೆ ಬೇಡ.

ಚಂದ್ರಾಮಪ್ಪ


ನಾಗಪುರ
17 ಡಿಸೆಂಬರ್ 2023

ಸರ್,

ಟಿವಿಯಲ್ಲಿ ನೋಡಿದಿರಲ್ಲ? ನೋಡಿಯೇ ಇರುತ್ತೀರಿ. ಆದರೂ ನಾನೇ ಹೇಳಬೇಕು, ಹೇಳದಿದ್ದರೆ ನಿದ್ದೆ ಬರುವುದಿಲ್ಲ.

ಮೊದಲ ಎರಡು ಪಂದ್ಯ ಕೋಚ್ ನನ್ನನ್ನು ಕೊನೆಯ ಐದು ನಿಮಿಷಕ್ಕೆ ಮಾತ್ರ ಇಳಿಸಿದರು. ಮೂರನೆಯದರಲ್ಲಿ ಸಂಜುಕುಮಾರನಿಗೆ ಜ್ವರ. ಅವನು ಬೀದರಿನ ಕಡೆಯವನು, ನಮ್ಮ ತಂಡದ ಮೊದಲ ಎಡ ಕಾರ್ನರು. ಅವನ ಜಾಗಕ್ಕೆ ನಾನು. ಮೊದಲ ರೈಡಿಗೇ ಅವರ ನಾಯಕ ಬೋನಸ್ಸಿಗೆ ಕಾಲು ಚಾಚಿದ. ನನಗೆ ಯೋಚನೆಯೇ ಬರಲಿಲ್ಲ, ಮೊಣಕಾಲು ತಾನೇ ಬಿತ್ತು, ಕೈ ತಾನೇ ಹೋಯಿತು. ಅವನು ನನ್ನ ಮೇಲೆ ಬಿದ್ದ. ಇಡೀ ಒಳಾಂಗಣ ಎದ್ದು ನಿಂತಿತು. ಆ ದಿನ ಐದು ಜನರನ್ನು ಹಿಡಿದೆ ಸರ್. ಡಿಫೆಂಡರ್ ಒಂದು ಪಂದ್ಯದಲ್ಲಿ ಐದು ಪಾಯಿಂಟ್ ತಂದರೆ ಇಲ್ಲಿ ಅದಕ್ಕೆ ಹೈ ಫೈವ್ ಎನ್ನುತ್ತಾರೆ, ಪರದೆಯ ಮೇಲೆ ಹೆಸರು ದೊಡ್ಡದಾಗಿ ಬರುತ್ತದೆ. ನನ್ನ ಹೆಸರಿನ ಕೆಳಗೆ ದೋರನಹಳ್ಳಿ ಎಂದು ಬಂತು. ಊರಿನ ಹೆಸರು ಬರೆಯಿರಿ ಎಂದು ನಾನೇ ಕೇಳಿಕೊಂಡಿದ್ದೆ.

ಕೋಚ್ ಬೆನ್ನು ತಟ್ಟಿದರು. ಆಮೇಲೆ ಪಕ್ಕಕ್ಕೆ ಕರೆದು ಮತ್ತೆ ಅದೇ ಮಾತು ಹೇಳಿದರು. ಹೂಂ ಅಂದೆ.

ಕಾಲು ಆಗಾಗ ಹಿಡಿದಂತಾಗುತ್ತದೆ, ಇಲ್ಲಿ ಚಳಿ ಜಾಸ್ತಿ. ಐಸ್ ಇಡುತ್ತಾರೆ, ಸರಿಹೋಗುತ್ತದೆ. ಇಪ್ಪತ್ತನಾಲ್ಕಕ್ಕೆ ಮುಂದಿನ ಪಂದ್ಯ, ಆರಂಭದಿಂದಲೇ ನಾನು. ತಪ್ಪದೆ ನೋಡಿ.

ಹಣಮೇಶ


ದೋರನಹಳ್ಳಿ
28 ಡಿಸೆಂಬರ್ 2023

ಹಣಮೇಶ,

ಹೈ ಫೈವ್ ಬಂದ ದಿನ ಫಕೀರಸಾಬ ಎಲ್ಲರಿಗೂ ಪುಕ್ಕಟೆ ಚಹಾ ಕೊಟ್ಟ. ಅವನ ಮೊಮ್ಮಗಳು ದಾವಲಬೀ ಒಂಬತ್ತನೇ ಇಯತ್ತೆಯವಳು, ನಮ್ಮ ಹುಡುಗಿಯರ ತಂಡದ ಎಡ ಕಾರ್ನರು. ನಿನ್ನ ಐದೂ ಹಿಡಿತಗಳನ್ನು ಹೋಟೆಲಿನ ನೆಲದ ಮೇಲೆಯೇ ಆಡಿ ತೋರಿಸಿದಳು. ನಾನು ಅತ್ತೆ. ಬರೆಯಲು ನಾಚಿಕೆಯೇನಿಲ್ಲ.

ಆ ಖುಷಿಯನ್ನು ಒಂದು ವಾರವಾದರೂ ಇಟ್ಟುಕೊಳ್ಳಲು ಬಿಡಲಿಲ್ಲವಲ್ಲ ನೀನು!

ಇಪ್ಪತ್ತನಾಲ್ಕರ ಪಂದ್ಯದಲ್ಲಿ ಏನಾಯಿತು? ಹನ್ನೊಂದನೇ ನಿಮಿಷಕ್ಕೆ ಒಬ್ಬನನ್ನು ಹಿಡಿದೆ, ಅವನು ಕೊಸರಿಕೊಂಡು ಹೋದ. ನೀನು ಒಂದಿಷ್ಟು ಹೊತ್ತು ಬಿದ್ದಲ್ಲೇ ಬಿದ್ದುಕೊಂಡೆ. ಆಮೇಲೆ ಎದ್ದು ಒಬ್ಬರ ಹೆಗಲ ಮೇಲೆ ಕೈ ಹಾಕಿ ಹೊರಗೆ ನಡೆದುಬಿಟ್ಟೆ. ಒಬ್ಬ ತಪ್ಪಿಸಿಕೊಂಡದ್ದಕ್ಕೆ ಇಷ್ಟು ಮುನಿಸೇ? ನನ್ನ ಅಂಕಣದಲ್ಲಿ ಹಲ್ಲು ಮುರಿದವನೂ ರಕ್ತ ಉಗುಳಿ ಆಡಿದ್ದಾನೆ. ಬೆಂಚಿನ ಮೇಲೆ ಟವೆಲಿನಲ್ಲಿ ಮುಖ ಮುಚ್ಚಿಕೊಂಡು ಕೂತೆಯಲ್ಲ, ಅದನ್ನು ಊರೆಲ್ಲ ನೋಡಿತು.

ಟಿವಿಯವರು ಏನು ಹೇಳಿದರು ಎಂದು ಪಕ್ಕದವರನ್ನು ಕೇಳಿದೆ. ಒಬ್ಬನೂ ನನ್ನ ಮುಖ ನೋಡಲಿಲ್ಲ. ಫಕೀರಸಾಬ ಕೈ ಆಡಿಸಿ ಟಿವಿ ಆರಿಸಿಬಿಟ್ಟ. ನನಗೆ ತಲೆ ತಗ್ಗಿಸುವಂತಾಯಿತು.

ಮುಂದಿನ ಪಂದ್ಯಕ್ಕೆ ನೀನು ಅಂಕಣದಲ್ಲಿರಬೇಕು. ಮೊದಲು ಮೊಣಕಾಲು, ಆಮೇಲೆ ಕೈ. ಕೊಸರಿಕೊಂಡು ಹೋಗಲು ಬಿಟ್ಟದ್ದು ಯಾಕೆ? ಮೊಣಕಾಲು ಪೂರ್ತಿ ಊರಿರಲಿಲ್ಲ, ನಾನು ಕಂಡಿದ್ದೇನೆ.

ಚಂದ್ರಾಮಪ್ಪ


ದೋರನಹಳ್ಳಿ
22 ಜನವರಿ 2024

ಹಣಮೇಶ,

ಪತ್ರಕ್ಕೆ ಉತ್ತರವಿಲ್ಲ. ಆಮೇಲೆ ಇನ್ನೂ ನಾಲ್ಕು ಪಂದ್ಯ ಮುಗಿದವು, ಬೆಂಚಿನ ಮೇಲೂ ನಿನ್ನ ಮುಖ ಕಾಣುವುದಿಲ್ಲ. ನಿಮ್ಮವ್ವನನ್ನು ಕೇಳಿದರೆ ಸೌಟು ಹಿಡಿದುಕೊಂಡು ಅತ್ತಿತ್ತ ನೋಡುತ್ತಾಳೆ, ಆರಾಮ ಇದ್ದಾನ್ರಿ ಅನ್ನುತ್ತಾಳೆ. ಆರಾಮ ಇರಲು ನಿನ್ನನ್ನು ಅಲ್ಲಿಗೆ ಕಳಿಸಿದೆನೇ?

ಚಂದ್ರಾಮಪ್ಪ


ನಾಗಪುರ
3 ಫೆಬ್ರುವರಿ 2024

ಸರ್,

ತಡವಾಯಿತು, ಕ್ಷಮಿಸಿ. ಅಕ್ಷರ ಸೊಟ್ಟ ಬಂದಿವೆ, ಹಾಸಿಗೆಯ ಮೇಲೆ ಕೂತು ಬರೆಯುತ್ತಿದ್ದೇನೆ.

ನನ್ನ ಆಟ ಸರಿಹೋಗಲಿಲ್ಲ. ಸಂಜುಕುಮಾರ ಚೆನ್ನಾಗಿ ಆಡುತ್ತಿದ್ದಾನೆ, ಕೋಚ್ ಅವನನ್ನೇ ಇಳಿಸುತ್ತಿದ್ದಾರೆ. ಅವರ ತಪ್ಪಿಲ್ಲ. ನಿಮ್ಮ ಪಾಠದ ತಪ್ಪಂತೂ ಅಲ್ಲವೇ ಅಲ್ಲ. ನಾನೇ ಬರೋಬ್ಬರಿ ಆಡಲಿಲ್ಲ.

ಚಳಿಯಲ್ಲಿ ನಿಮ್ಮ ಕೆಮ್ಮು ಹೆಚ್ಚಾಗುತ್ತದೆ, ಸಂಜೆ ಅಂಕಣಕ್ಕೆ ಹೋಗುವಾಗ ಮಫ್ಲರ್ ಸುತ್ತಿಕೊಳ್ಳಿ.

ಹಣಮೇಶ


ದೋರನಹಳ್ಳಿ
19 ಮಾರ್ಚ್ 2024

ಹಣಮೇಶ,

ಪೇಪರಿನಲ್ಲಿ ಪಟ್ಟಿ ಬಂದಿದೆ. ತಂಡ ಉಳಿಸಿಕೊಂಡವರ ಹೆಸರು ಹದಿನಾಲ್ಕು, ಅದರಲ್ಲಿ ನಿನ್ನದಿಲ್ಲ. ಕೆಳಗೆ ಸಣ್ಣ ಅಕ್ಷರದಲ್ಲಿ ಕೈಬಿಟ್ಟವರ ಹೆಸರು. ಅಲ್ಲಿದ್ದೀಯ. ನೀನು ಆಡಿದ್ದು ನಾಲ್ಕೇ ಪಂದ್ಯ! ಕನ್ನಡಕ ಒರೆಸಿಕೊಂಡು ಎರಡು ಸಲ ಓದಿದೆ.

ಆಟ ಬರದವನು ಸೋತರೆ ನನಗೆ ದುಃಖವಿಲ್ಲ. ಬರುವವನು ಕೈಚೆಲ್ಲಿದರೆ ಹೊಟ್ಟೆ ಉರಿಯುತ್ತದೆ. ಒಂದು ಸಲ ಪರದೆಯ ಮೇಲೆ ಹೆಸರು ಬಂದದ್ದೇ ತಡ ನಿನಗೆ ದಿಮಾಕು ಬಂತು, ಮೈಗಳ್ಳನಾದೆ. ಸಂಜೆ ಮಕ್ಕಳು ಹಣಮೇಶಣ್ಣ ಯಾಕೆ ಆಡುವುದಿಲ್ಲ ಎಂದು ಕೇಳಿದರು. ಸೊಕ್ಕು ಬಂದವರಿಗೆ ಹೀಗೇ ಆಗುತ್ತದೆ ಎಂದು ಅವರಿಗೆ ಹೇಳಿದೆ. ಬ್ಯಾನರ್ ನಾನೇ ಬಿಚ್ಚಿಸಿದೆ.

ಊರಿಗೂ ಬರಲಿಲ್ಲ, ಅಲ್ಲೇ ಏನೋ ಕೆಲಸ ಹಿಡಿದಿದ್ದೀಯಂತೆ. ಇರು. ನಮ್ಮ ಶಾಲೆಗೆ ಜೂನ್ ಹೊತ್ತಿಗೆ ಸರಕಾರದಿಂದ ಮ್ಯಾಟು ಬರುತ್ತದೆ. ಅದರ ಮೇಲೆ ದಾವಲಬೀಯನ್ನು ತಯಾರು ಮಾಡುತ್ತೇನೆ. ನೀನು ಬಿಟ್ಟದ್ದನ್ನು ಅವಳು ಹಿಡಿಯುತ್ತಾಳೆ.

ಚಂದ್ರಾಮಪ್ಪ


ನಾಗಪುರ
8 ಏಪ್ರಿಲ್ 2024

ಸರ್,

ಸೊಕ್ಕಲ್ಲ ಸರ್. ಇದಕ್ಕಿಂತ ಹೆಚ್ಚು ಬರೆಯಲು ನನ್ನಿಂದಾಗದು.

ಒಂದು ಬೇಡಿಕೆ. ಮ್ಯಾಟು ಬಂದರೆ ಮಕ್ಕಳಿಗೆ ಬೂಟು ಕಡ್ಡಾಯ ಮಾಡಿ. ಮತ್ತು ಎಡ ಮೊಣಕಾಲಿನ ಪಾಠವನ್ನು ಮ್ಯಾಟಿನ ಮೇಲೆ ಮಾಡಿಸಬೇಡಿ. ದಾವಲಬೀಗಂತೂ ಬೇಡವೇ ಬೇಡ. ಯಾಕೆ ಎಂದು ಕೇಳಬೇಡಿ, ನನ್ನ ಮಾತು ನಡೆಸಿಕೊಡಿ.

ಹಣಮೇಶ


ದೋರನಹಳ್ಳಿ
11 ಜುಲೈ 2024

ಹಣಮೇಶ,

ಏಪ್ರಿಲ್‌ನಲ್ಲಿ ನಿನ್ನ ಪತ್ರ ಬಂದಾಗ ಅದನ್ನು ಹರಿದು ಒಗೆಯಬೇಕೆಂದಿದ್ದೆ. ನಾಲ್ಕು ಪಂದ್ಯ ಆಡಿದವನು ನನಗೆ ಪಾಠ ಹೇಳುತ್ತಾನೆ ಎಂದು ಮನೆಯಲ್ಲಿ ಎಲ್ಲರ ಮುಂದೆ ಕೂಗಾಡಿದೆ. ಹರಿಯಲಿಲ್ಲ, ಅದೊಂದು ಒಳ್ಳೆಯದಾಯಿತು.

ಕಳೆದ ಗುರುವಾರ ಮ್ಯಾಟು ಹಾಸಿದೆವು. ಶಾಲೆಯ ಹೊಸ ಹಾಲಿನಲ್ಲಿ, ನೀಲಿ ಬಣ್ಣದ್ದು. ಮಕ್ಕಳು ಅದರ ಮೇಲೆ ಉರುಳಾಡಿದರು. ನಾನು ದಾವಲಬೀಯನ್ನು ಎಡ ಕಾರ್ನರಿನಲ್ಲಿ ನಿಲ್ಲಿಸಿ ನಿನಗೆ ಕಲಿಸಿದ್ದನ್ನೇ ಮಾಡಿಸಿದೆ. ರೈಡರ್ ಕಾಲು ಚಾಚಿದಳು, ದಾವಲಬೀ ಬಿರುಸಿನಿಂದ ಮೊಣಕಾಲು ಊರಿದಳು. ಜಾರಬೇಕಾದ ಮೊಣಕಾಲು ಜಾರಲಿಲ್ಲ. ಊರಿದಲ್ಲೇ ಅಂಟಿಕೊಂಡಿತು. ಮೈ ಮಾತ್ರ ಮುಂದೆ ಹೋಗಿ ತಿರುಗಿಬಿಟ್ಟಿತು.

ಅವಳ ಬಾಯಿ ತೆರೆದದ್ದು ಕಂಡಿತು. ಕೂಗು ನನಗೆ ಕೇಳಿಸಲಿಲ್ಲ. ಉಸಿರು ಬಿಡುತ್ತಿದ್ದಾಳೆ ಅಂದುಕೊಂಡೆ. "ಏಳು, ಇನ್ನೊಮ್ಮೆ ಮಾಡು" ಅಂದೆ, ಹಣಮೇಶ. ಆ ಕೂಸಿಗೆ ಇನ್ನೊಮ್ಮೆ ಮಾಡು ಅಂದೆ.

ಶಹಾಪುರಕ್ಕೆ ಒಯ್ದೆವು. ದೇವರು ದೊಡ್ಡವನು, ಏನೂ ಹರಿದಿಲ್ಲ, ಬಾವು ಬಂದಿದೆ, ತಿಂಗಳು ವಿಶ್ರಾಂತಿ ಎಂದರು. ಆಸ್ಪತ್ರೆಯ ಕಟ್ಟೆಯ ಮೇಲೆ ಫಕೀರಸಾಬ ನನ್ನ ಕಿವಿಗೆ ಬಾಯಿ ಹಚ್ಚಿ ಒಂದು ಮಾತು ಕೇಳಿದ. ನಲವತ್ತು ವರ್ಷದ ದೋಸ್ತ ಅವನು, ಒಂದು ದಿನ ನನ್ನ ಮೇಲೆ ದನಿ ಏರಿಸಿದವನಲ್ಲ.

"ಮಾಸ್ತರ್ರ, ಒಂದು ಮಣಕಾಲು ಸಾಲಲಿಲ್ಲೇನ್ರಿ ನಿಮಗ?"

ಯಾವ ಮೊಣಕಾಲು ಎಂದು ಕೇಳಿದೆ. ಅವನು ಹಣೆ ಹಣೆ ಬಡಿದುಕೊಂಡ. ಆ ಡಿಸೆಂಬರಿನಲ್ಲಿ ನಿನ್ನ ಮೊಣಕಾಲು ಹೋಯಿತೆಂದು ಟಿವಿಯವರು ಹೇಳಿದ್ದನ್ನು ಹೋಟೆಲಿನಲ್ಲಿದ್ದವರೆಲ್ಲ ಕೇಳಿದ್ದರಂತೆ. ನೀನು ಫೋನ್ ಮಾಡಿ ಸರ್‌ಗೆ ತಿಳಿಸಬೇಡಿ ಎಂದು ಆಣೆ ಹಾಕಿಸಿದ್ದೆಯಂತೆ. ಕಿವಿಯಿದ್ದ ಊರೆಲ್ಲ ತಿಳಿದುಕೊಂಡಿತ್ತು, ನನ್ನೊಬ್ಬನನ್ನು ಬಿಟ್ಟು.

ಅಲ್ಲಿಂದ ಸೀದಾ ನಿಮ್ಮ ಮನೆಗೆ ಹೋದೆ. ನಿಮ್ಮವ್ವ ಮೊದಲು ಇಲ್ಲ ಅಂದಳು. ಆಮೇಲೆ ಟ್ರಂಕಿನಿಂದ ನೀನು ಕಳಿಸಿದ್ದ ಆಸ್ಪತ್ರೆಯ ಫೈಲು ತೆಗೆದು ನನ್ನ ಕೈಗಿಟ್ಟಳು. ಎಡ ಮೊಣಕಾಲು, ಲಿಗಮೆಂಟ್ ಪೂರ್ತಿ ಹರಿದಿದೆ, ಆಪರೇಷನ್ ಜನವರಿ ಹದಿನಾರು. ಆರಾಮ ಇರಲು ನಿನ್ನನ್ನು ಅಲ್ಲಿಗೆ ಕಳಿಸಿದೆನೇ ಎಂದು ನಾನು ಬರೆದದ್ದು ಇಪ್ಪತ್ತೆರಡಕ್ಕೆ.

"ಅಂವ ಹೇಳಬ್ಯಾಡ ಅಂದಿದ್ದನ್ರಿ," ಅಂದಳು. "ಸರ್ ಕೇಳಿದ್ರ ಜೀವ ಬಿಡ್ತಾರ ಅಂದ. ನನಗ ನಿಮ್ಮ ಮ್ಯಾಲ ಭಾಳ ಸಿಟ್ಟಿತ್ರಿ. ಈಗೂ ಅದ."

ಮರುದಿನ ಒಬ್ಬನೇ ಹಾಲಿಗೆ ಹೋಗಿ ಬಾಗಿಲು ಹಾಕಿಕೊಂಡು, ಅರವತ್ತೇಳರ ಈ ಮುದಿ ಮೊಣಕಾಲನ್ನು ಮ್ಯಾಟಿಗೆ ಊರಿ ತಳ್ಳಿ ನೋಡಿದೆ. ಅಲ್ಲಾಡಲಿಲ್ಲ. ನಮ್ಮ ಎರೆಮಣ್ಣು ಹದ ಮಾಡಿ ನೀರು ಚಿಮುಕಿಸಿದರೆ ಮೊಣಕಾಲನ್ನು ಒಯ್ಯುತ್ತದೆ, ಅದಕ್ಕೇ ಆ ಪಾಠ. ನನ್ನ ಗುರುಗಳೂ ಮ್ಯಾಟು ಕಂಡವರಲ್ಲ, ನಾನೂ ಒಂದು ದಿನ ಅದರ ಮೇಲೆ ಕಾಲಿಟ್ಟವನಲ್ಲ. ಕಾಲಿಡದೆಯೇ ನಿನಗೆ ಆಜ್ಞೆ ಬರೆದೆ.

ನಿನ್ನ ಅಕ್ಟೋಬರಿನ ಪತ್ರ ತೆಗೆದು ಓದಿದೆ. ನೀನು ಕೇಳಿದ್ದೆ. ಬಿಟ್ಟುಬಿಡಲೇ ಎಂದು ಸರಿಯಾದ ಹೊತ್ತಿಗೆ, ಸರಿಯಾದ ಮನುಷ್ಯನನ್ನು ಕೇಳುತ್ತಿದ್ದೇನೆ ಎಂದುಕೊಂಡು ಕೇಳಿದ್ದೆ. ನಿನ್ನ ಕಾಲು ಮುರಿದದ್ದು ಆ ರೈಡರ್ ಅಲ್ಲ, ನಾನು. ಮಕ್ಕಳನ್ನು ಕೂರಿಸಿ ಹಣಮೇಶಣ್ಣನಿಗೆ ಸೊಕ್ಕು ಬಂದಿರಲಿಲ್ಲ, ನಿಮ್ಮ ಸರ್‌ಗೆ ಬಂದಿತ್ತು ಎಂದು ಹೇಳಿದ್ದೇನೆ.

ಕ್ಷಮೆ ಕೇಳುವ ಮುಖವಿಲ್ಲ. ಮ್ಯಾಟಿನ ಮೇಲೆ ಹೇಗೆ ಹಿಡಿಯಬೇಕು ಎಂದು ಈ ಮಕ್ಕಳಿಗೆ ಹೇಳುವವರು ಇಲ್ಲಿ ಯಾರೂ ಇಲ್ಲ. ನೀನು ಬಂದರೆ ನಾನು ಮೂಲೆಯಲ್ಲಿ ಕೂರುತ್ತೇನೆ, ಬಾಯಿ ಬಿಡುವುದಿಲ್ಲ. ಬರುವುದಿಲ್ಲ ಎಂದರೂ ಉತ್ತರ ಬರೆ.

ಚಂದ್ರಾಮಪ್ಪ


ನಾಗಪುರ
25 ಜುಲೈ 2024

ಸರ್,

ದಾವಲಬೀಯ ಕಾಲು ಹೇಗಿದೆ? ಅವಳಿಗೆ ಮಾಡಿಸಬೇಕಾದ ಕಸರತ್ತುಗಳನ್ನು ಬೇರೆ ಹಾಳೆಯಲ್ಲಿ ಬರೆದಿದ್ದೇನೆ. ಅವಸರ ಮಾಡಿಸಬೇಡಿ.

ನಾನು ಇಲ್ಲಿ ಏನು ಕೆಲಸ ಮಾಡುತ್ತೇನೆ ಎಂದು ನೀವು ಕೇಳಲಿಲ್ಲ, ನಾನು ಹೇಳಲಿಲ್ಲ. ಕಿರಿಯರ ತಂಡಕ್ಕೆ ಬೆಳಿಗ್ಗೆ ಮ್ಯಾಟು ಹಾಸುತ್ತೇನೆ, ಒರೆಸುತ್ತೇನೆ, ಸಂಜೆ ಸುತ್ತಿ ಇಡುತ್ತೇನೆ. ಕೋಚ್ ಸಾಹೇಬರು ಕರುಣೆಯಿಂದ ಕೊಡಿಸಿದ ಕೆಲಸ. ಒರೆಸುವಾಗ ಮೊಣಕಾಲು ಊರಬೇಕು, ಬಲಗಾಲನ್ನು ಊರುತ್ತೇನೆ.

ತಪ್ಪೆಲ್ಲ ನಿಮ್ಮದು ಎಂದು ಬರೆದಿದ್ದೀರಿ. ಅದೂ ಪೂರ್ತಿ ಖರೆಯಲ್ಲ. ನೋವು ಎರಡನೇ ಪಂದ್ಯಕ್ಕೇ ಶುರುವಾಗಿತ್ತು. ಚಳಿ ಎಂದು ನಿಮಗೆ ಸುಳ್ಳು ಬರೆದೆ. ಕೋಚ್ ಮೂರು ಸಲ ಹೇಳಿದರು, ಮೂರು ಸಲವೂ ಹೂಂ ಅಂದೆ. ಅವರ ಮಾತು ಕೇಳಿದರೆ ನಿಮಗೆ ದ್ರೋಹ ಮಾಡಿದ ಹಾಗೆ ಅನ್ನಿಸುತ್ತಿತ್ತು. ಇಪ್ಪತ್ತೆರಡು ವರ್ಷದವನು ನಾನು, ನನ್ನ ಕಾಲು ನನಗೆ ಹೇಳಿದ್ದನ್ನಾದರೂ ಕೇಳಬೇಕಿತ್ತು.

ಆದರೂ ಸಿಟ್ಟಿದೆ ಸರ್. ಆಸ್ಪತ್ರೆಯಲ್ಲಿದ್ದಾಗ ನಿಮ್ಮ ಪತ್ರ ಬಂತು, ನರ್ಸ್ ಓದಿ ಹೇಳಲೇ ಎಂದು ಕೇಳಿದಳು, ಕನ್ನಡ ಬರುವುದಿಲ್ಲ ನಿನಗೆ ಎಂದು ಬಯ್ದೆ. ಬ್ಯಾನರ್ ಬಿಚ್ಚಿಸಿದೆ ಎಂದು ಬರೆದಿರಲ್ಲ, ಅಂದು ಊಟ ಸೇರಲಿಲ್ಲ. ಸಿಟ್ಟು ಇಳಿದ ಮೇಲೆ ಊರಿಗೆ ಹೋಗೋಣ ಎಂದುಕೊಂಡಿದ್ದೆ. ಇಳಿಯಲಿಲ್ಲ. ಹಾಗೇ ಬರುತ್ತಿದ್ದೇನೆ.

ಆಗಸ್ಟ್ ನಾಲ್ಕು, ಭಾನುವಾರ, ಯಾದಗಿರಿ ಸ್ಟೇಷನ್. ಬ್ಯಾನರ್ ಕಟ್ಟಿಸಬೇಡಿ. ಮಕ್ಕಳಿಗೆ ಬೂಟು ಹಾಕಿಸಿರಿ. ನೀವು ಮೂಲೆಯಲ್ಲಿ ಕೂರುವುದು ಬೇಡ, ನನ್ನ ಪಕ್ಕಕ್ಕೆ ನಿಲ್ಲಿ.

ನಿಮಗೆ ಹೇಳಬೇಕಾದದ್ದು ಇನ್ನೂ ಬಹಳ ಇದೆ. ಅದನ್ನು ಕಾಗದದಲ್ಲಿ ಬರೆಯುವುದಿಲ್ಲ. ನಾನು ಬರುವಷ್ಟರಲ್ಲಿ ಆ ಪೆಟ್ಟಿಗೆ ತೆಗೆದು ಕಿವಿಗೆ ಮಿಷನ್ನು ಹಾಕಿಕೊಂಡಿರಿ.

ಹಣಮೇಶ